ಮೇಡಂ ಕೈಯಲ್ಲಿದ್ದ ಹಳೆ ಡ್ರಾಯಿಂಗ್

ನಮ್ಮ ಮೇಡಂ ಕುರ್ಚಿಯ ಮೇಲೆ ಕೂತದ್ದನ್ನು ನೋಡಿದವರು ಬೊಮ್ಮಸಂದ್ರದ ನಮ್ಮ ಫ್ಯಾಕ್ಟರಿಯಲ್ಲಿ ಬಹಳ ಮಂದಿ ಇಲ್ಲ. ಅವರಿಗೆ ಟೇಬಲ್ಲಿತ್ತು, ಕುರ್ಚಿಯಿತ್ತು, ಕುರ್ಚಿಯ ಬೆನ್ನಿಗೆ ಒಂದು ನೀಲಿ ಸ್ವೆಟರ್ ಇತ್ತು. ಅಲ್ಲಿ ಕೂರುತ್ತಿದ್ದುದು ಆ ಸ್ವೆಟರ್ ಮಾತ್ರ. ಮೇಡಂ ಬೆಳಿಗ್ಗೆ ಬಂದು ಅದನ್ನು ನೇತುಹಾಕಿ ಹೊರಟರೆ ಸಂಜೆ ಕಂಪನಿ ಬಸ್ಸು ಹಾರ್ನ್ ಹೊಡೆಯುವವರೆಗೂ ನಡೆಯುತ್ತಲೇ ಇರುತ್ತಿದ್ದರು. ಬಸ್ಸಿನಲ್ಲಾದರೂ ಕೂರುತ್ತಾರಾ ಅಂದರೆ ಅದೂ ಇಲ್ಲ. ಡ್ರೈವರಿನ ಹಿಂದಿನ ಕಂಬಿ ಹಿಡಿದು, ಹೂಡಿಯಲ್ಲಿ ಇಳಿಯುವ ತನಕ, ಯಾವ ರಸ್ತೆಯಲ್ಲಿ ಹೋದರೆ ಬೇಗ ಎಂದು ಅವನ ತಲೆ ತಿನ್ನುತ್ತಿದ್ದರು.

ಹೋದ ವಾರ ಅವರು ತೀರಿಕೊಂಡರು. ಸುದ್ದಿ ಕೇಳಿದಾಗಿನಿಂದ ನನಗೂ ಕೂತಲ್ಲಿ ಕೂರಲು ಆಗುತ್ತಿಲ್ಲ. ಅಡುಗೆಮನೆಗೆ ಹೋಗುತ್ತೇನೆ, ಯಾಕೆ ಬಂದೆ ಎಂದು ಮರೆಯುತ್ತೇನೆ. ಚಂದಾಪುರದ ಈ ಬಾಡಿಗೆ ಮನೆಯಲ್ಲಿ ನಡೆಯೋಣ ಎಂದರೂ ಜಾಗವಿಲ್ಲ, ಗೋಡೆಯಿಂದ ಗೋಡೆಗೆ ತಿರುಗಬೇಕು. ಅದಕ್ಕೇ ಬರೆಯಲು ಕೂತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ತಮ್ಮ ಬಗ್ಗೆ ಯಾರಾದರೂ ಎರಡು ಒಳ್ಳೆಯ ಮಾತಾಡಿದರೆ 'ಸಾಕು, ಕೆಲಸ ನೋಡು' ಎಂದು ಮುಂದಕ್ಕೆ ಹೋಗಿಬಿಡುತ್ತಿದ್ದ ಹೆಂಗಸು ಅವರು.

ಮಷೀನುಗಳ ಸಾಲಿಗೆಲ್ಲ ಅವರೇ ಸೂಪರ್‌ವೈಸರ್, ರಾಣೆಬೆನ್ನೂರು ಕಡೆಯವರು. ಹಣೆಯ ಮೇಲೆ ವಿಭೂತಿಯ ತೆಳು ಗೆರೆ, ಸೆರಗನ್ನು ಬಿಗಿಯಾಗಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ ಕಾಟನ್ ಸೀರೆ, ಕಾಲಿಗೆ ಗಂಡಸರ ಸೇಫ್ಟಿ ಶೂ. ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಮಾತು ಮಾತ್ರ ಊರಲ್ಲೇ ಇತ್ತು. ಡಬ್ಬಿಗೆ ಜೋಳದ ರೊಟ್ಟಿ ತರುತ್ತಿದ್ದರು. ಬಿಸಿ ಇರುವಾಗಲೇ ಒಳಗೆ ಶೇಂಗಾ ಚಟ್ನಿಪುಡಿ, ಎಣ್ಣೆ ಸವರಿ ಸುರುಳಿ ಸುತ್ತಿಟ್ಟ ಮೆತ್ತನೆಯ ರೊಟ್ಟಿ. ಯಾಕೆ ಸುತ್ತುತ್ತೀರಿ ಎಂದು ಒಮ್ಮೆ ಕೇಳಿದೆ. "ಒಂದ ಕೈಯಾಗ ಹಿಡಕೊಂಡು ತಿನ್ನಬಹುದಲ್ಲವಾ ತಂಗಿ, ಇನ್ನೊಂದು ಕೈ ಖಾಲಿ ಇರತೈತಿ" ಅಂದರು.

ಆ ಇನ್ನೊಂದು ಕೈ ಎಂದೂ ಖಾಲಿ ಇರುತ್ತಿರಲಿಲ್ಲ. ಅದರಲ್ಲಿ ಒಂದು ಹ್ಯಾಂಡ್‌ಹೆಲ್ಡ್ ಇರುತ್ತಿತ್ತು. ಸ್ಟೋರಿನಲ್ಲಿ ಬಾರ್‌ಕೋಡ್ ಓದಲೆಂದು ಕಂಪನಿ ತಂದಿದ್ದ, ರಬ್ಬರ್ ಅಂಚಿನ, ಕೆಳಗೆ ಬಿದ್ದರೂ ಒಡೆಯದ ಕೈಕಂಪ್ಯೂಟರ್. ನಾವೆಲ್ಲ ಅದನ್ನು ಸ್ಕ್ಯಾನರ್ ಅನ್ನುತ್ತಿದ್ದೆವು. ಅಂಥವು ಫ್ಯಾಕ್ಟರಿಯಲ್ಲಿ ಕೆಲವಿದ್ದವು, ಕ್ವಾಲಿಟಿಯಲ್ಲಿದ್ದ ನನ್ನ ಹತ್ತಿರವೂ ಒಂದಿತ್ತು.

ನಮ್ಮದು ಲಾರಿ ಬ್ರೇಕಿನ ಬ್ರಾಕೆಟ್ಟುಗಳಿಗೆ ತೂತು ಕೊರೆದು ಕೊಡುವ ಕೆಲಸ. ತೂತು ಎಲ್ಲಿ ಬರಬೇಕು ಎಂದು ಹೇಳುವ ಡ್ರಾಯಿಂಗ್ ಗಿರಾಕಿ ಕಂಪನಿಯದು. ಅವರು ಅದನ್ನು ತಮ್ಮ ಸರ್ವರಿನಲ್ಲಿ ಇಡುತ್ತಾರೆ, ನಾವು ಅಲ್ಲಿಂದ ಇಳಿಸಿಕೊಳ್ಳಬೇಕು. ಎಫ್‌ಟಿಪಿ ಅನ್ನುತ್ತಾರೆ ಇದಕ್ಕೆ. ತೆರೆದರೆ ಚಿತ್ರವಿಲ್ಲ, ಬಣ್ಣವಿಲ್ಲ. ಬಿಳಿ ಪುಟದಲ್ಲಿ ಫೋಲ್ಡರುಗಳ ಹೆಸರು, ಒಳಗೆ ಫೈಲುಗಳ ಹೆಸರು, ಅಷ್ಟೇ. ಆಫೀಸಿನ ಕಂಪ್ಯೂಟರಿನಲ್ಲಿ ಇಳಿಸಿ, ಪ್ರಿಂಟ್ ತೆಗೆದು, ಸೀಲು ಹೊಡೆದು, ಮಷೀನಿಗೆ ಅಂಟಿಸುವುದು ಕಂಪನಿಯ ನಿಯಮ.

ಮೇಡಂಗೆ ಈ ಪ್ರಿಂಟು ಕಂಡರೆ ಆಗುತ್ತಿರಲಿಲ್ಲ. ಕೂಲಂಟ್ ಎಣ್ಣೆ ಹತ್ತಿ, ಹಳೆಯದರ ಮೇಲೆ ಹೊಸದು ಅಂಟಿ, ಹೊಸದು ಹರಿದು ಮತ್ತೆ ಹಳೆಯದು ಮುಖ ತೋರಿಸಿ, ಯಾವುದು ಈಗಿನದು ಎಂದು ದೇವರೇ ಹೇಳಬೇಕಾಗಿತ್ತು. ಒಂದು ದಿನ ಸ್ಕ್ಯಾನರಿನ ಬ್ರೌಸರಿನಲ್ಲಿ ಆ ಸರ್ವರಿನ ವಿಳಾಸವನ್ನೇ ಹೊಡೆದು ನೋಡಿದರಂತೆ, ತೆರೆದುಕೊಂಡಿತಂತೆ. ಅವತ್ತಿನಿಂದ ಅವರನ್ನು ಹಿಡಿಯುವವರಿಲ್ಲ. ಯಾವ ಮಷೀನಿನಲ್ಲಿ ಹೊಸ ಬ್ಯಾಚು ಶುರುವಾದರೂ ಮೇಡಂ ಹಾಜರು. ಆಪರೇಟರಿನ ಮೂಗಿನ ಮುಂದೆ ಸ್ಕ್ಯಾನರ್ ಹಿಡಿದು "ನೋಡಪಾ" ಅನ್ನುವುದು. ಅವನು ನೋಡಿ ತಲೆಯಾಡಿಸದೆ ಮಷೀನ್ ಓಡುವ ಹಾಗಿರಲಿಲ್ಲ. ಪ್ರಿಂಟುಗಳು ಮೆಲ್ಲಗೆ ಮಾಯವಾದವು. ನಿಯಮ ಫೈಲಿನಲ್ಲಿ ಮಲಗಿತು. "ಕಾಗದ ಹಳೇದಾಗತೈತಿ, ಇದು ಆಗೂದಿಲ್ಲ" ಎನ್ನುವುದು ಅವರ ಮಾತು. ಇದನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ ಕ್ಯಾಂಟೀನಿನಲ್ಲಿ ತಣ್ಣಗಿನ ಇಡ್ಲಿ ಬಂದಾಗಲೂ ನಾವು ಇದನ್ನೇ ಹೇಳಿ ನಗುತ್ತಿದ್ದೆವು.

ಸರ್ವರಿನ ವಿಳಾಸದೊಳಗೇ ಯೂಸರ್ ಹೆಸರು, ಪಾಸ್‌ವರ್ಡು ಎಲ್ಲ ಸೇರಿಸಿ ಹೊಡೆಯಬೇಕಿತ್ತು. ಯಾರೂ ನೋಡಬಾರದೆಂದು ಮೇಡಂ ಸೆರಗು ಅಡ್ಡ ಹಿಡಿಯುತ್ತಿದ್ದರು. ಆದರೆ ಒಂದೊಂದು ಅಕ್ಷರವನ್ನೂ ಬಾಯಿಬಿಟ್ಟು ಹೇಳಿಕೊಂಡೇ ಒತ್ತುತ್ತಿದ್ದರು. ಮಷೀನಿನ ಗದ್ದಲದಲ್ಲಿ ತಮ್ಮ ದನಿ ತಮಗೇ ಕೇಳಿಸಬೇಕಲ್ಲ, ಅದಕ್ಕೆ ಗಟ್ಟಿಯಾಗಿ. ನಮ್ಮ ಫ್ಯಾಕ್ಟರಿಯಲ್ಲಿ ಸೆಕ್ಯುರಿಟಿಯವನಿಗೂ ಆ ಪಾಸ್‌ವರ್ಡು ಬಾಯಿಪಾಠ.

ಒಂದು ಸಲ ಹೆಡ್ಡಾಫೀಸಿನಿಂದ ಕಂಪ್ಯೂಟರ್ ವಿಭಾಗದ ಯುವಕನೊಬ್ಬ ಹೊಸ ಫೋನುಗಳ ಡಬ್ಬ ಹೊತ್ತುಕೊಂಡು ಬಂದ. ಸ್ಕ್ಯಾನರುಗಳು ಓಬಿರಾಯನ ಕಾಲದವು, ವಾಪಸ್ ಕೊಡಿ ಅಂದ. ಮೇಡಂ ಹೊಸ ಫೋನು ಇಸಿದುಕೊಂಡು ಅದರ ಬ್ರೌಸರಿನಲ್ಲಿ ಸರ್ವರಿನ ವಿಳಾಸ ಹೊಡೆದರು. ತೆರೆಯಲಿಲ್ಲ. "ಈಗಿನ ಬ್ರೌಸರುಗಳು ಎಫ್‌ಟಿಪಿ ತೆಗೆಯಲ್ಲ ಮೇಡಂ, ಅದನ್ನ ನಿಲ್ಲಿಸಿಬಿಟ್ಟಿದಾರೆ, ಬೇರೆ ಆ್ಯಪ್ ಹಾಕ್ಕೋಬೇಕು" ಎಂದು ಅವನು ವಿವರಿಸುತ್ತಿದ್ದ. ಮೇಡಂ ಆಗಲೇ ಮೂರನೇ ಸಾಲಿನ ಮಷೀನಿನ ಹತ್ತಿರ ಹೋಗಿಯಾಗಿತ್ತು. ಅಲ್ಲಿಂದಲೇ ಕೂಗಿದರು: "ಬಾಗ್ಲಾ ತೆಗೀಲಿಕ್ಕೆ ಬರಲಾರದ್ದು ಎಂಥಾ ಹೊಸಾದೋ ಮಾರಾಯಾ!" ಡಬ್ಬ ಬಂದ ದಾರಿಯಲ್ಲೇ ವಾಪಸ್ ಹೋಯಿತು. ಅವತ್ತು ಇಡೀ ದಿನ ಅವರ ನಡಿಗೆಯಲ್ಲಿ ಒಂದು ಗತ್ತು ಇತ್ತು.

ಇನ್ನು ಮುನಿರಾಜುವಿನ ವಿಷಯ. ಹೆಬ್ಬಗೋಡಿಯವನೇ, ತಲೆತಲಾಂತರದಿಂದ ಅಲ್ಲಿದ್ದ ಮನೆತನ. ಈಗ ಫ್ಯಾಕ್ಟರಿಗಳು ಎದ್ದಿರುವ ಜಾಗದಲ್ಲಿ ಅವರಪ್ಪ ರಾಗಿ ಬಿತ್ತುತ್ತಿದ್ದರಂತೆ. ಮುನಿರಾಜು ನಮ್ಮಲ್ಲಿ ಕಾಂಟ್ರಾಕ್ಟ್ ಆಪರೇಟರ್. ಹೆಂಡತಿ, ಎರಡು ಮಕ್ಕಳು, ತಾಯಿ. ಪ್ರತಿ ವರ್ಷ ಪರ್ಮನೆಂಟ್ ಆಗುವವರ ಹೆಸರು ಬರುವಾಗ ಅವನ ಹೆಸರು ಇನ್ನೇನು ಬಂತು ಅನ್ನುವಷ್ಟರಲ್ಲಿ ತಪ್ಪಿಹೋಗುತ್ತಿತ್ತು. ಆ ವರ್ಷ ಮಾತ್ರ ಖಚಿತ ಎಂದು ಎಲ್ಲರೂ ಹೇಳುತ್ತಿದ್ದರು. ಮೇಡಂ ತಾವೇ ಶಿಫಾರಸು ಬರೆದಿದ್ದರು. ಅವನ ಕೆಲಸ ಅವರಿಗೆ ಇಷ್ಟ. ಅವರು ಸ್ಕ್ಯಾನರ್ ತೋರಿಸಿದಾಗ ಉಳಿದವರು ಸುಮ್ಮನೆ ತಲೆಯಾಡಿಸಿದರೆ, ಇವನು ಬೆರಳಿಟ್ಟು ಓದುತ್ತಿದ್ದ.

ಆಗಲೇ ಆ ಬ್ಯಾಚು ಗಿರಾಕಿಯಿಂದ ವಾಪಸ್ ಬಂತು. ಬ್ರಾಕೆಟ್ಟಿನ ತೂತುಗಳು ಇರಬೇಕಾದ ಜಾಗದಲ್ಲಿ ಇಲ್ಲ, ಕೂದಲೆಳೆಯಷ್ಟಲ್ಲ, ಕಣ್ಣಿಗೆ ಕಾಣುವಷ್ಟು ಪಕ್ಕಕ್ಕೆ. ಕೊರೆದವನು ಮುನಿರಾಜು.

ಮ್ಯಾನೇಜರ್ ಸಾಹೇಬರು ಆಫೀಸಿನ ಕಂಪ್ಯೂಟರಿನಿಂದ ಡ್ರಾಯಿಂಗ್ ತೆಗೆಸಿದರು. ಸರಿಯಾದ ಜಾಗ ಅದರಲ್ಲಿ ಸ್ಪಷ್ಟವಾಗಿತ್ತು. ಬ್ಯಾಚು ಶುರುವಾಗುವ ಮೊದಲೇ ಗಿರಾಕಿ ಹೊಸ ಡ್ರಾಯಿಂಗ್ ಇಟ್ಟಿದ್ದರು. ಇನ್ನೇನು ಬೇಕು?

"ಮೇಡಂ ತೋರ್ಸುದ್ರು ಸಾರ್. ನಾನು ಅದ್ನ ನೋಡ್ಕೊಂಡೇ ತೂತ್ ಆಕ್ದೆ" ಅಂದ ಮುನಿರಾಜು.

"ಸಿಕ್ಕಾಕೊಂಡ್ಮೇಲೆ ಎಲ್ರೂ ಹೀಗೇ ಹೇಳೋದು. ಸರ್ವರ್‌ನಲ್ಲಿ ಇಷ್ಟು ಕ್ಲಿಯರ್ ಆಗಿದೆ, ಮೇಡಂ ಹಳೇದು ತೋರಿಸ್ತಾರಾ?" ಅಂದರು ಮ್ಯಾನೇಜರ್. ಅವನ ಹೆಸರನ್ನು ಪರ್ಮನೆಂಟ್ ಆಗುವವರಿಂದ ತೆಗೆಯಿರಿ, ಕಾಂಟ್ರಾಕ್ಟೂ ಮುಗಿಸಿ ಎಂದು ಹೆಡ್ಡಾಫೀಸಿಗೆ ಬರೆದರು. ಮರುದಿನ ಮಧ್ಯಾಹ್ನ ಡೈರೆಕ್ಟರ್ ಸಹಿ ಹಾಕುವುದಿತ್ತು.

ಮೇಡಂಗೂ ಮೊದಲು ಸಿಟ್ಟು ಬಂದದ್ದು ಮುನಿರಾಜುವಿನ ಮೇಲೆಯೇ. ಮರುದಿನ ಬೆಳಿಗ್ಗೆ ವೈಫೈ ಸಿಗುವ ಕ್ಯಾಂಟೀನಿನ ಬಾಗಿಲಲ್ಲಿ ಅವನನ್ನು ನಿಲ್ಲಿಸಿ, ಬಯ್ಯಲೆಂದೇ ಸ್ಕ್ಯಾನರ್ ತೆಗೆದು ಆ ಫೈಲು ತೆರೆದು ಅವನ ಮುಂದೆ ಹಿಡಿದರು. ಅವನು ಬೆರಳಿಟ್ಟ. "ಇಲ್ನೋಡಿ ಮೇಡಂ, ಇಲ್ಲೇ ಅಲ್ವಾ ನಾನು ಆಕಿರಾದು?" ಮೇಡಂ ನೋಡಿದರು. ತೂತು ಹಳೆಯ ಜಾಗದಲ್ಲೇ ಇತ್ತು. ಪಕ್ಕದಲ್ಲಿ ನಿಂತಿದ್ದ ನನ್ನ ಕೈಯಿಂದ ನನ್ನ ಸ್ಕ್ಯಾನರ್ ಕಸಿದುಕೊಂಡು ಅದೇ ವಿಳಾಸ, ಅದೇ ಫೈಲು ತೆರೆದರು. ಅದರಲ್ಲಿ ತೂತು ಹೊಸ ಜಾಗದಲ್ಲಿತ್ತು.

ಆಗಿದ್ದು ಇಷ್ಟು. ಗಿರಾಕಿ ಕಂಪನಿಯವರು ಡ್ರಾಯಿಂಗ್ ಬದಲಾದಾಗಲೆಲ್ಲ ಫೈಲಿನ ಹೆಸರನ್ನೂ ಬದಲಿಸುತ್ತಿದ್ದರು. ಈ ಸಲ ಯಾರೋ ಹೊಸಬರು ಹಳೆಯ ಹೆಸರಿನಲ್ಲೇ ಹೊಸ ಡ್ರಾಯಿಂಗ್ ಇಟ್ಟಿದ್ದರು. ಮೇಡಂನ ಸ್ಕ್ಯಾನರಿನ ಬ್ರೌಸರ್, ಹೆಸರು ಅದೇ ಅಲ್ಲವಾ ಎಂದು, ಸರ್ವರಿಗೆ ಹೋಗುವ ಕಷ್ಟವನ್ನೇ ತೆಗೆದುಕೊಳ್ಳದೆ, ಹಿಂದೆ ಯಾವಾಗಲೋ ಇಳಿಸಿ ತನ್ನೊಳಗೆ ಉಳಿಸಿಕೊಂಡಿದ್ದನ್ನೇ ತೋರಿಸಿತ್ತು. ಆ ಫೈಲನ್ನು ನನ್ನ ಸ್ಕ್ಯಾನರಿನಲ್ಲಿ ಮೊದಲು ಯಾರೂ ತೆರೆದಿರಲಿಲ್ಲ, ಹಾಗಾಗಿ ಅದು ನಿಜವಾಗಿ ಹೋಗಿ ಹೊಸದನ್ನು ತಂದಿತ್ತು. ರಿಫ್ರೆಶ್ ಒತ್ತಿದ್ದರೆ ಸಾಕಿತ್ತು. ಆದರೆ ಮಷೀನುಗಳ ಹತ್ತಿರ ವೈಫೈ ಸಿಗುತ್ತಿರಲಿಲ್ಲ. ಮೇಡಂ ಕ್ಯಾಂಟೀನಿನ ಬಾಗಿಲಲ್ಲಿ ಫೈಲು ತೆರೆದು ಅದನ್ನು ಕೈಯಲ್ಲಿ ಹಿಡಿದು ನಡೆದು ಬರುತ್ತಿದ್ದರು. ನಿಂತು ರಿಫ್ರೆಶ್ ಒತ್ತಿ ಕಾಯುವುದು ಅವರ ಜಾಯಮಾನದಲ್ಲೇ ಇರಲಿಲ್ಲ.

ಅವರ ಮುಖ ಬಿಳುಪೇರಿದ್ದನ್ನು ನಾನು ನೋಡಿದೆ. ಆ ಹಳೆಯ ಪುಟ ಅಳಿಸಿಹೋಗದಿರಲೆಂದು ತಮ್ಮ ಸ್ಕ್ಯಾನರಿನ ವೈಫೈ ಆರಿಸಿ ಸೀದಾ ಮ್ಯಾನೇಜರ್ ಕೋಣೆಗೆ ನಡೆದರು, ನಾನು ಹಿಂದೆ ಓಡಿದೆ.

ಮ್ಯಾನೇಜರ್ ಎರಡನ್ನೂ ನೋಡಿದರು. ನೋಡಿ ಬಾಗಿಲು ಹಾಕಿದರು. "ಮೇಡಂ, ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ, ರಿಫ್ರೆಶ್ ಒತ್ಬಿಡಿ. ಹೊಸದು ಬರುತ್ತೆ, ಹಳೇದು ಹೋಗುತ್ತೆ, ವಿಷಯ ಮುಗೀತು. ಪ್ರಿಂಟ್ ನಿಲ್ಲಿಸಿದ್ದು ನೀವು. ನಿಯಮ ಮುರಿದವರು ಯಾರು ಅಂತ ಕೇಳಿದ್ರೆ ನಿಮ್ಮ ಕುತ್ತಿಗೆಗೇ ಬರುತ್ತೆ. ಅವನು ಲೋಕಲ್, ಈ ಸಾಲಿನಲ್ಲಿ ಇನ್ನೊಂದು ಫ್ಯಾಕ್ಟರಿ ಸಿಗುತ್ತೆ ಬಿಡಿ."

ಮೇಡಂ ಎರಡೂ ಸ್ಕ್ಯಾನರ್ ಎತ್ತಿಕೊಂಡು ಹೊರಗೆ ಬಂದರು. "ಕ್ಯಾಬ್ ಕರಿ" ಅಂದರು ನನಗೆ.

ಹೆಡ್ಡಾಫೀಸು ವೈಟ್‌ಫೀಲ್ಡಿನಲ್ಲಿ. ಫೋಟೋ ತೆಗೆದು ಕಳಿಸೋಣ ಮೇಡಂ ಅಂದೆ. "ಫೋಟೋ ಯಾವತ್ತಿಂದೋ ಏನೋ ಅಂತಾರ. ಎರಡೂ ಮಗ್ಗಲಾ ಮಗ್ಗಲಾ ಇಟ್ಟು ಕಣ್ಣಿಗೆ ತೋರಸಬೇಕು" ಅಂದರು. ಹಳೆಯ ಯಂತ್ರ, ಹಳೆಯ ಬ್ಯಾಟರಿ. ಅದು ಆರಿ ಮತ್ತೆ ಹೊತ್ತಿಕೊಂಡರೆ ಒಳಗಿನ ಹಳೆಯ ಪುಟ ಉಳಿಯುತ್ತದೋ ಇಲ್ಲವೋ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಪರದೆ ಮಂಕಾಗುತ್ತಿದ್ದಂತೆ ಮೇಡಂ ಮೂಲೆಯಲ್ಲಿ ಮೆಲ್ಲಗೆ ಮುಟ್ಟುತ್ತಿದ್ದರು. ತಪ್ಪಿ ಬೇರೆಲ್ಲೋ ಬೆರಳು ತಗುಲಿದರೆ ಎಂದು ನನಗೆ ಜೀವ ಬಾಯಿಗೆ ಬರುತ್ತಿತ್ತು. ಚಂದಾಪುರ ದಾಟಿ ದೊಮ್ಮಸಂದ್ರದ ರಸ್ತೆ ಹಿಡಿದೆವು. ಲಾರಿ, ಟ್ಯಾಂಕರು, ಶಾಲೆ ಬಸ್ಸು, ಅಗೆದು ಬಿಟ್ಟ ಗುಂಡಿ. ಪ್ರತಿ ಗುಂಡಿಗೂ ಮೇಡಂ ಸ್ಕ್ಯಾನರನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿಯುತ್ತಿದ್ದರು.

ವರ್ತೂರಿನ ಹತ್ತಿರ ಟ್ರಾಫಿಕ್ಕಿನಲ್ಲಿ ಗಾಡಿ ನಿಂತೇಬಿಟ್ಟಿತು. ಮೇಡಂ ಸ್ವಲ್ಪ ಹೊತ್ತು ನೋಡಿದರು, ಬಾಗಿಲು ತೆಗೆದು ಇಳಿದರು. "ಮೇಡಂ, ಎಲ್ಲಿಗೆ?" ಎಂದರೆ "ನಡೀತೀನಿ, ನೀವು ಬರ್ರಿ" ಅಂದರು. ಬಿಸಿಲು, ಹೊಗೆ. ನಿಂತ ಗಾಡಿಗಳ ಪಕ್ಕದಲ್ಲಿ ಸೇಫ್ಟಿ ಶೂ ಹಾಕಿಕೊಂಡ ಆ ಹೆಂಗಸು ಪರದೆಯ ಮೇಲೆ ಸೆರಗು ಮುಚ್ಚಿಕೊಂಡು ಸರಸರ ನಡೆಯುತ್ತಿದ್ದರು. ಕ್ಯಾಬ್ ಡ್ರೈವರ್ ನಕ್ಕ. "ಏನಕ್ಕಾ, ನಿಮ್ಮ ಮೇಡಮ್ಮು ನನಗಿಂತ ಮುಂಚೆ ಹೋಗ್ತಾರೆ!" ನನಗೂ ನಗು ಬಂತು, ಜೊತೆಗೆ ಅಳುವೂ ಬಂತು. ಕೊನೆಗೆ ಗಾಡಿಗಳು ಅಲುಗಿ ನಾವು ಅವರನ್ನು ತಲುಪಿದಾಗ ಒಂದು ಬೇಕರಿಯ ಮುಂದೆ ನಿಂತಿದ್ದರು. ಹತ್ತಿ ಕೂತರು. ಆಮೇಲೆ ನನ್ನ ಕಡೆ ನೋಡದೆ ಅಂದರು:

"ತಂಗಿ, ನನಗ ಹೆದರಿಕಿ ಆಗಾಕತ್ತೈತಿ."

"ವಾಪಸ್ ಹೋಗೋಣ್ವಾ ಮೇಡಂ?"

"ಅಂವ ಬೆರಳ ಇಟ್ಟ ಓದಿದ್ನಲ್ಲವಾ..." ಎಂದು ಮಾತನ್ನು ಅಲ್ಲಿಗೇ ಬಿಟ್ಟರು.

ಡೈರೆಕ್ಟರ್ ಊಟ ಮುಗಿಸಿ ಬಂದು ಕೂತಿದ್ದರು. ಕೂರಿ ಅಂದರು. ಮೇಡಂ ಕೂರಲಿಲ್ಲ. ನನ್ನ ಫೋನಿನ ಹಾಟ್‌ಸ್ಪಾಟಿಗೆ ನನ್ನ ಸ್ಕ್ಯಾನರ್ ಸೇರಿಸಿ ಫೈಲು ತೆರೆದು ಕೊಟ್ಟೆ. ಮೇಡಂ ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟರು. ಒಂದೇ ವಿಳಾಸ, ಒಂದೇ ಹೆಸರು, ಎರಡು ಬೇರೆ ಬೇರೆ ತೂತು. ಬ್ಯಾಟರಿಯ ಗುರುತು ಕೆಂಪಾಗಿತ್ತು. ಡೈರೆಕ್ಟರ್ ಬಗ್ಗಿ ನೋಡಿದರು.

"ಈ ಹಳೇದು ತೋರಿಸ್ತಿರೋದು ಯಾರ ಸ್ಕ್ಯಾನರು?"

"ನಂದ್ರಿ."

"ಅಂದ್ರೆ ತಪ್ಪು ನಿಮ್ಮದು ಅಂತ ಹೇಳೋಕೆ ಅಲ್ಲಿಂದ ಇಲ್ಲಿವರೆಗೂ ಬಂದ್ರಾ?"

"ಹೌದ್ರಿ ಸರ. ಪ್ರಿಂಟ್ ಬ್ಯಾಡ ಅಂದಾಕಿನೂ ನಾನ. ತೋರ್ಸಿದಾಕಿನೂ ನಾನ. ಅಂವ ನೋಡಿದ, ನೋಡಿದ್ದನ್ನ ಕೊರದ. ಇದರಾಗ ಅಂವಂದೇನೈತ್ರಿ?"

ಮ್ಯಾನೇಜರಿನ ಪತ್ರ ಮೇಜಿನ ಮೇಲೇ ಇತ್ತು. ಡೈರೆಕ್ಟರ್ ಅದನ್ನು ಮಡಚಿ ಡ್ರಾಯರಿಗೆ ಹಾಕಿದರು. ನಾವು ಕೆಳಗೆ ಇಳಿಯುವಷ್ಟರಲ್ಲಿ ಮೇಡಂನ ಸ್ಕ್ಯಾನರ್ ಆರಿಹೋಯಿತು.

ಮುನಿರಾಜು ಪರ್ಮನೆಂಟ್ ಆದ. ಸ್ಕ್ಯಾನರುಗಳನ್ನೆಲ್ಲ ಹೆಡ್ಡಾಫೀಸಿನವರು ಬಂದು ತೆಗೆದುಕೊಂಡು ಹೋದರು. ಮಷೀನುಗಳಿಗೆ ಮತ್ತೆ ಸೀಲು ಹೊಡೆದ ಪ್ರಿಂಟು ಅಂಟಿತು. ನಿಯಮ ಮುರಿದದ್ದಕ್ಕಾಗಿ ಮೇಡಂ ಅವರನ್ನು ಮಷೀನುಗಳಿರುವ ಶಾಪ್ ಫ್ಲೋರಿನಿಂದ ತೆಗೆದು ವೈಟ್‌ಫೀಲ್ಡಿನಲ್ಲಿ ಹಳೆಯ ಫೈಲುಗಳ ವಿಭಾಗಕ್ಕೆ ಹಾಕಿದರು. ಮನೆಗೆ ಹತ್ತಿರ, ಎ.ಸಿ. ಇದೆ, ಕೂತು ಮಾಡುವ ಕೆಲಸ ಎಂದು ಮ್ಯಾನೇಜರ್ ಅಭಿನಂದನೆ ಹೇಳಿದರು. ಅವರು ಅಲ್ಲಿ ತಿಂಗಳು ತುಂಬುವ ಮೊದಲೇ ರಾಜೀನಾಮೆ ಕೊಟ್ಟರು. ಅವರನ್ನು ನಾನು ಬಲ್ಲೆ, ಕೂರಿಸುವುದಕ್ಕಿಂತ ದೊಡ್ಡ ಶಿಕ್ಷೆ ಅವರಿಗೆ ಯಾರೂ ಕೊಡಲು ಸಾಧ್ಯವಿರಲಿಲ್ಲ. ನನಗೆ ಆಗಲೂ ಸಿಟ್ಟು ಬಂದಿತ್ತು, ಈಗಲೂ ಇದೆ.

ಸುದ್ದಿ ಬಂದ ಮರುದಿನ ಮುನಿರಾಜು, ನಾನು ಹೂಡಿಯ ಅವರ ಅಪಾರ್ಟ್‌ಮೆಂಟಿಗೆ ಹೋದೆವು. ಅವರ ಯಜಮಾನರು, ರಿಟೈರಾದ ಬ್ಯಾಂಕಿನವರು, ಬಾಗಿಲು ತೆರೆದರು. "ಬರ್ರಿ, ಕುಂದರ್ರಿ" ಅಂದರು. ಮಿದುಳಿನಲ್ಲಿ ರಕ್ತಸ್ರಾವವಾಗಿ ಮೇಡಂ ಕೆಲವು ದಿನ ಆಸ್ಪತ್ರೆಯಲ್ಲಿದ್ದರಂತೆ, ಕೊನೆಕೊನೆಗೆ ಯಾರ ಗುರುತೂ ಹತ್ತುತ್ತಿರಲಿಲ್ಲವಂತೆ.

"ಕಾಲುನೋವು ಅಂತ ಹೇಳಿ ಕೆಲಸ ಬಿಟ್ಟಳ್ರಿ. ಬಿಟ್ಟಮ್ಯಾಲೆ ದಿನಾ ಈ ಬಿಲ್ಡಿಂಗಿನ ಸುತ್ತ ನಡ್ಯಾಕಿ. ಕಾಲುನೋವಿದ್ದಾಕಿ ಹಂಗ ನಡೀತಾಳೇನು ಅಂತ ನಾನೂ ಕೇಳ್ತಿದ್ದೆ, ನಕ್ಕು ಸುಮ್ಮನಾಗ್ತಿದ್ಲು" ಅಂದರು. ಆಮೇಲೆ ಮುನಿರಾಜುವಿನ ಕಡೆ ತಿರುಗಿ, "ನಿಮ್ಮ ಹೆಸರು?" ಎಂದು ಕೇಳಿದರು.

"ಮುನಿರಾಜು ಸಾರ್. ಮೇಡಂ ಕೈಕೆಳ್ಗೆ ಕೆಲ್ಸ ಮಾಡ್ತಿದ್ದೆ."

ಅವರು ಎದ್ದು ನಿಂತುಬಿಟ್ಟರು. "ಮುನಿರಾಜ ಅಂದ್ರ ನೀವೇನ್ರಿ? ಆಸ್ಪತ್ರ್ಯಾಗ ನನ್ನ ಗುರತು ಹಿಡೀಲಿಲ್ಲಾಕಿ. ಮುನಿರಾಜನ ಕೆಲಸ ಉಳೀತೇನು, ಮುನಿರಾಜನ ಕೆಲಸ ಉಳೀತೇನು, ಇದ ಒಂದ ಮಾತು. ಯಾರಂವ, ಏನು ಕೆಲಸ, ನನಗೊಂದೂ ಗೊತ್ತಿಲ್ಲ. ಆಕಿ ಸಮಾಧಾನಕ್ಕ ಉಳೀತು ಬಿಡು ಅಂತ ಹೇಳ್ತಿದ್ದೆ. ಖರೇ ಹೇಳ್ರಿ, ಉಳದೈತೇನ್ರಿ?"

ಮುನಿರಾಜು ನನ್ನ ಮುಖ ನೋಡಿದ. ನಾನು ನೆಲ ನೋಡುತ್ತಿದ್ದೆ.

"ನಂದು ಉಳೀತು ಸಾರ್" ಅಂದ. "ಅವ್ರದೇ ಓಯ್ತು."